ದೆವ್ವದ ಕಥೆ ಬರೆದು ಪತ್ರಿಕೆಗೆ ಕಳಿಸುವುದು ಹೇಗೆ?

ನಾನು ಮಲೆನಾಡಿನಲ್ಲಿ ಲೈನ್‌ಮನ್. ಹಗಲು ಕಂಬ ಹತ್ತುತ್ತೇನೆ, ರಾತ್ರಿ ದೆವ್ವದ ಕಥೆ ಬರೆಯುತ್ತೇನೆ. ‘ನಮಗೂ ಹೇಳಿಕೊಡಿ ಅಣ್ಣಾ’ ಎನ್ನುವ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ದೆವ್ವದ ಕೂದಲು, ಕಾಲು ಆಮೇಲಾಯಿತು. ಮೊದಲು ಅದರ ರೂಲ್ಸ್ ಏನು ಅಂತ ಯೋಚಿಸಿ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ‘ನಾಳೆ ಬಾ’ ಸುದ್ದಿ ಕೇಳಿದ್ದೀರಲ್ಲ? ದೆವ್ವ ರಾತ್ರಿ ಬಂದು ಬಾಗಿಲು ತಟ್ಟುತ್ತದೆ, ಪರಿಚಯದವರ ದನಿಯಲ್ಲೇ ಕರೆಯುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಇಷ್ಟೇ ನಿಯಮ. ಇಷ್ಟಕ್ಕೇ ಜನ ಬಾಗಿಲ ಮೇಲೆಲ್ಲ ಬರೆದರು. ಈಗ ಆ ನಿಯಮವನ್ನು ಸ್ವಲ್ಪ ಅಲುಗಾಡಿಸಿ. ಮಳೆಗೆ ಸೀಮೆಸುಣ್ಣದ ಅಕ್ಷರ ಅಳಿಸಿಹೋಯಿತು ಅನ್ನಿ. ಅಥವಾ ಬಂದದ್ದು ಓದಲು ಬಾರದ ದೆವ್ವ! ಕಥೆ ಶುರುವಾಯಿತು, ಅಲ್ವಾ?

ಅಮಾವಾಸ್ಯೆ, ಊಳಿಡುವ ನಾಯಿ, ಹಾಳು ಬಂಗಲೆ ಬೇಡ. ನಿಮ್ಮ ಕೆಲಸದಲ್ಲಿ ಯಾವುದು ಆಗಲೇಬಾರದೋ ಅದು ಆಗಲಿ. ನಾನಾದರೆ ಹೀಗೆ ಶುರು ಮಾಡುತ್ತೇನೆ:

‘ಮೀಟರ್ ಕಿತ್ತು ತಂದವನು ನಾನೇ. ಕಂಬದಿಂದ ಮನೆಗೆ ಎಳೆದಿದ್ದ ಸರ್ವಿಸ್ ವೈರನ್ನೂ ಸುತ್ತಿ ಜೀಪಿಗೆ ಹಾಕಿದ್ದೆ. ಆದರೂ ಸುಬ್ಬಜ್ಜನ ಅಡುಗೆಮನೆಯಲ್ಲಿ ಲೈಟು ಉರಿಯುತ್ತಿತ್ತು.’

ಇಲ್ಲಿ ಹೆದರಿಸುವುದು ಕತ್ತಲಲ್ಲ, ಬೆಳಕು. ಆದರೆ ಲೈನ್‌ಮನ್ ತಕ್ಷಣ ಹೆದರಬಾರದು. ಪಕ್ಕದ ಮನೆಯಿಂದ ವೈರ್ ಎಳೆದಿದ್ದಾರಾ? ಸೋಲಾರಾ? ಯುಪಿಎಸ್ಸಾ? ಒಂದೊಂದಾಗಿ ನೋಡುತ್ತಾ ಹೋಗಲಿ, ಒಂದೊಂದೂ ಸುಳ್ಳಾಗಲಿ. ಓದುವವನೂ ಅವನ ಜೊತೆ ಕಾರಣ ಹುಡುಕುತ್ತಿರುತ್ತಾನೆ. ಕೊನೆಯ ಕಾರಣವೂ ಕೈಕೊಟ್ಟಾಗ ಅವನಿಗೆ ತಾನಾಗಿಯೇ ಭಯವಾಗುತ್ತದೆ, ನೀವು ‘ಭಯಂಕರ’ ಅಂತ ಬರೆಯಬೇಕಿಲ್ಲ.

ಒಂದು ರಾತ್ರಿ, ಒಂದು ಜಾಗ, ಇಬ್ಬರು ಮೂವರು ಜನ. 1500 ಪದ ಸಾಕು. ಕೊನೆಗೆ ಟೀ ಅಂಗಡಿಯವನು ‘ಅಯ್ಯೋ, ಅವರು ತೀರಿಹೋಗಿ ಹತ್ತು ವರ್ಷ ಆಯ್ತಲ್ಲ ಸ್ವಾಮೀ!’ ಅನ್ನುವುದು ದಯವಿಟ್ಟು ಬೇಡ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಜೋರಾಗಿ ಓದಿ ಹೇಳಿ. ಅವರು ಎಲ್ಲಿ ಮೊಬೈಲ್ ತೆಗೆದರೋ ಆ ಪ್ಯಾರಾ ಹೊಡೆದುಹಾಕಿ.

ಇನ್ನು ಕಳಿಸುವುದು. ಮಯೂರ, ತುಷಾರ ಮಾಸಿಕಗಳು. ಸುಧಾ, ತರಂಗ ವಾರಪತ್ರಿಕೆಗಳು. ಎಲ್ಲದರದೂ ಒಂದೆರಡು ಸಂಚಿಕೆ ಓದಿ, ಕಥೆ ಎಷ್ಟು ಉದ್ದ ಹಾಕುತ್ತಾರೆ ನೋಡಿ. ವಿಳಾಸವನ್ನು ಹೊಸ ಸಂಚಿಕೆಯಿಂದಲೇ ತೆಗೆದುಕೊಳ್ಳಿ.

ಟೈಪ್ ಮಾಡುವುದು ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಇರಲಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ. ಅದಕ್ಕಿಂತ ದೊಡ್ಡ ದೆವ್ವ ಇಲ್ಲ. ವರ್ಡ್ ಫೈಲಿನ ಜೊತೆ ಪಿಡಿಎಫ್ ಕೂಡ ಇಟ್ಟರೆ ಒತ್ತಕ್ಷರ ಒಡೆದರೂ ಅವರು ಸರಿಯಾದದ್ದನ್ನು ನೋಡಿಕೊಳ್ಳಬಹುದು.

ಪತ್ರ ನಾಲ್ಕು ಸಾಲು ಸಾಕು: ಕಥೆಯ ಹೆಸರು, ಇದು ಸ್ವಂತದ್ದು, ಬೇರೆಲ್ಲೂ ಪ್ರಕಟವಾಗಿಲ್ಲ, ನಿಮ್ಮ ವಿಳಾಸ ಮತ್ತು ಫೋನ್ ನಂಬರ್. ಕಥೆಯ ಸಾರಾಂಶ, ನಿಮ್ಮ ಸನ್ಮಾನಗಳ ಪಟ್ಟಿ ಸುಮ್ನೆ ಜಾಸ್ತಿ. ಫೇಸ್‌ಬುಕ್ಕಿನಲ್ಲಿ ಹಾಕಿದ್ದರೆ ಅದನ್ನೂ ಕೆಲವರು ಪ್ರಕಟಣೆ ಅಂತಲೇ ಲೆಕ್ಕ ಹಾಕುತ್ತಾರೆ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಾದರೆ ನಿಯಮವನ್ನು ಎರಡು ಸಲ ಓದಿ. ಕಥೆಯ ಹಾಳೆಯ ಮೇಲೆ ಹೆಸರು ಇರಬಾರದು ಅಂತ ಎಷ್ಟೋ ಕಡೆ ಇರುತ್ತದೆ.

ಒಂದು ಕಥೆ ಒಂದು ಸಲಕ್ಕೆ ಒಂದೇ ಕಡೆ. ಎಲ್ಲಿಗೆ, ಯಾವತ್ತು ಕಳಿಸಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ‘ಕಥೆಯನ್ನು ಹಿಂಪಡೆಯುತ್ತಿದ್ದೇನೆ’ ಅಂತ ಒಂದು ಮೇಲ್ ಹಾಕಿ, ಮುಂದಿನ ಪತ್ರಿಕೆಗೆ ಕಳಿಸಿ.