ನದಿ ಕ್ರೂಸ್ ದರದಲ್ಲಿ ಏನಿದೆ, ಏನಿಲ್ಲ: ಮೈಸೂರಿನಿಂದ ಹೊರಡುವವರ ಲೆಕ್ಕ

ಮೈಸೂರಿನ ನಿವೃತ್ತ ದಂಪತಿಗಳಿಗೆ, ನೆಂಟರಿಷ್ಟರಿಗೆ ಯುರೋಪಿನ ನದಿ ಕ್ರೂಸ್‌ನ ಅಂದಾಜು ಪಟ್ಟಿ ಮಾಡಿಕೊಡುವಾಗ ನಾನು ಜಾಹೀರಾತಿನ ದರವನ್ನು ಮೊದಲು ಪಕ್ಕಕ್ಕಿಡುತ್ತೇನೆ. ಏಳು ರಾತ್ರಿಗೆ 1,699 ಯೂರೊ ಎಂದು ದಪ್ಪಕ್ಷರದಲ್ಲಿ ಹಾಕಿದ್ದರೆ, ಆ ದುಡ್ಡಿಗೆ ಸಿಗುವುದು ತೀರಾ ಕೆಳಗಿನ ಡೆಕ್ಕಿನ ಕ್ಯಾಬಿನ್. ಅದೂ ಮಾರ್ಚ್ ಕೊನೆಯಲ್ಲೋ ನವೆಂಬರ್ ಮೊದಲಲ್ಲೋ ಹೊರಡುವ ಹಡಗಿನಲ್ಲಿ, ಇಬ್ಬರು ಒಂದೇ ಕ್ಯಾಬಿನ್ ಹಂಚಿಕೊಂಡರೆ ತಲಾ. ನಮಗೆ ಬೇಕಾದ ಲೆಕ್ಕ ಬೇರೆ: ಸರಸ್ವತಿಪುರಂನಲ್ಲಿ ಮನೆಗೆ ಬೀಗ ಹಾಕಿದಲ್ಲಿಂದ ವಾಪಸ್ ಬಂದು ಬೀಗ ತೆಗೆಯುವವರೆಗೆ ಎಷ್ಟು ಎಂಬುದು. ನಾನು ನೋಡಿದ ಮಟ್ಟಿಗೆ ಅದು ನೀವು ನಿಜವಾಗಿ ಹಿಡಿಯುವ ಕ್ಯಾಬಿನ್ ದರದ ಒಂದೂವರೆ ಪಟ್ಟು, ಜಾಹೀರಾತಿನ ದರದ ಎರಡು ಪಟ್ಟಿಗಿಂತ ಜಾಸ್ತಿ.

ಸಮುದ್ರದ ಕ್ರೂಸ್ ಇದಕ್ಕಿಂತ ಅಗ್ಗವಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹೌದು, ಅದಕ್ಕೆ ಕಾರಣವೂ ಇದೆ. ಈ ನದಿ ಹಡಗುಗಳು ಓಡುವ ರೈನ್–ಮೈನ್–ಡ್ಯಾನ್ಯೂಬ್ ಜಲಮಾರ್ಗದಲ್ಲಿ ನೀರು ತುಂಬಿ, ಇಳಿಸಿ ಹಡಗನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಲಾಕ್‌ಗಳಿವೆ. ಹಲವು ಲಾಕ್‌ಗಳ ಅಗಲ ಬರೀ 12 ಮೀಟರ್. ಹಾಗಾಗಿ ಹಡಗಿನ ಅಗಲ 11.4 ಮೀಟರ್, ಉದ್ದ ಹೆಚ್ಚೆಂದರೆ 135 ಮೀಟರ್. ಅಷ್ಟರಲ್ಲಿ 150ರಿಂದ 190 ಜನ ಹಿಡಿಸುತ್ತಾರೆ. ಸಮುದ್ರದ ದೊಡ್ಡ ಹಡಗಿನಲ್ಲಿ ಮೂರು ನಾಲ್ಕು ಸಾವಿರ ಜನರ ಮೇಲೆ ಹಂಚಿಹೋಗುವ ಖರ್ಚು ಇಲ್ಲಿ ಇಷ್ಟೇ ಜನರ ತಲೆಯ ಮೇಲೆ ಬೀಳುತ್ತದೆ. ಕ್ಯಾಸಿನೊ, ಅಂಗಡಿ ಸಾಲುಗಳಿಂದ ಬರುವ ಆದಾಯವೂ ನದಿ ಹಡಗಿಗಿಲ್ಲ. ಬದಲಿಗೆ ಹಡಗು ಊರಿನ ನಡುವೆಯೇ ನಿಲ್ಲುತ್ತದೆ, ಇಳಿದು ಹತ್ತು ನಿಮಿಷ ನಡೆದರೆ ಪೇಟೆ ಬೀದಿ. ಮಂಡಿನೋವು ಇರುವವರಿಗೆ ಇದೊಂದೇ ಸಾಕು ದರ ಸಮರ್ಥಿಸಲು.

ದರ ಹೆಚ್ಚು ಏರುಪೇರಾಗುವುದು ಕ್ಯಾಬಿನ್‌ನಲ್ಲಿ. ಕೆಳಡೆಕ್ಕಿನ ಕಿಟಕಿ ಗೋಡೆಯ ಮೇಲ್ಭಾಗದಲ್ಲಿರುತ್ತದೆ, ತೆರೆಯುವುದಿಲ್ಲ, ನೀರಿನ ಮಟ್ಟ ಅದರ ಅಂಚಿನ ಸ್ವಲ್ಪ ಕೆಳಗೇ. ಮಧ್ಯದ ಮತ್ತು ಮೇಲಿನ ಡೆಕ್ಕಿನಲ್ಲಿ ‘ಫ್ರೆಂಚ್ ಬಾಲ್ಕನಿ’ ಎನ್ನುವುದು ಸರಿಯುವ ಗಾಜಿನ ಬಾಗಿಲು, ಅದರ ಮುಂದೆ ಕಂಬಿ, ಅಷ್ಟೇ. ಕುರ್ಚಿ ಹಾಕಲು ಜಾಗವಿಲ್ಲ. ಹೊರಗೆ ಕೂರುವ ಬಾಲ್ಕನಿ ಬೇಕೆಂದರೆ ಇನ್ನೂ ಒಂದು ಮೆಟ್ಟಿಲು ಮೇಲಿನ ದರ. ಬಾಲ್ಕನಿಗೆ ಹೆಚ್ಚು ಕೊಡುವ ಮೊದಲು ಒಂದು ಸಂಗತಿ ತಿಳಿದಿರಲಿ. ಕಲೋನ್, ವಿಯೆನ್ನಾದಂಥ ಕಡೆ ಕಟ್ಟೆಯಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕಕ್ಕೆ ಒಂದು ಕಟ್ಟುತ್ತಾರೆ. ಬೆಳಿಗ್ಗೆ ಪರದೆ ಸರಿಸಿದರೆ ಎದುರಿಗೆ ನದಿಯಿಲ್ಲ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಬೇರೆ ಹಡಗಿನ ಕ್ಯಾಬಿನ್, ಅದರೊಳಗೆ ಹಲ್ಲುಜ್ಜುತ್ತಿರುವ ಯಾರೋ ಪುಣ್ಯಾತ್ಮ. ಊರಿಗೆ ಇಳಿಯಬೇಕಾದರೂ ಆ ಹಡಗಿನ ಲಾಬಿ ದಾಟಿಯೇ ಹೋಗಬೇಕು. ಆದ್ದರಿಂದ ನನ್ನ ಆಯ್ಕೆ ಮಧ್ಯದ ಡೆಕ್ಕಿನ ಫ್ರೆಂಚ್ ಬಾಲ್ಕನಿ. ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ. ಹಿಂದೆ ಎಂಜಿನ್ ಸದ್ದು, ತೀರಾ ಮುಂದೆ ಕಟ್ಟೆಗೆ ಬರುವಾಗಿನ ಗಡಗಡ. ಕ್ರಿಸ್‌ಮಸ್ ಮಾರುಕಟ್ಟೆ ನೋಡಲು ಡಿಸೆಂಬರ್‌ನಲ್ಲಿ ಹೋಗುವವರು ಕೆಳಡೆಕ್ಕನ್ನೇ ಹಿಡಿಯಲಿ. ಆ ಚಳಿಯಲ್ಲಿ ಬಾಗಿಲು ತೆರೆದು ನಿಲ್ಲುವವರು ಯಾರೂ ಇಲ್ಲ.

ಒಬ್ಬರೇ ಹೋದರೆ ‘ಸಿಂಗಲ್ ಸಪ್ಲಿಮೆಂಟ್’ ಎಂದು ಶೇ 50ರಿಂದ 100ರವರೆಗೆ ಹೆಚ್ಚು ಕೇಳುತ್ತಾರೆ. ಅಪ್ಪ ಅಮ್ಮನ ಜೊತೆ ಮಗಳು ಎಂದರೂ ತಾಪತ್ರಯವೇ: ಮೂವರ ಕ್ಯಾಬಿನ್ ಬಹುಪಾಲು ಹಡಗುಗಳಲ್ಲಿಲ್ಲ, ಎರಡನೆಯ ಕ್ಯಾಬಿನ್‌ಗೆ ಈ ಹೆಚ್ಚುವರಿ ಸೇರುತ್ತದೆ. ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳದ ಕಂಪನಿಗಳೂ ಇವೆ, ವಯಸ್ಸಿನ ಮಿತಿ ಮೊದಲೇ ನೋಡಿ.

ದರದೊಳಗೆ ಮೂರು ಹೊತ್ತಿನ ಊಟ, ವೈಫೈ, ಹೆಚ್ಚಿನ ಕಡೆ ದಿನಕ್ಕೊಂದು ಊರು ಸುತ್ತಾಟ ಇರುತ್ತದೆ. ಬಂದರು ಶುಲ್ಕ ಕೆಲವರು ಸೇರಿಸುತ್ತಾರೆ, ಕೆಲವರು ಕೊನೆಯ ಪುಟದಲ್ಲಿ ಕೂಡಿಸುತ್ತಾರೆ. ಊಟದ ಜೊತೆ ವೈನ್, ಬಿಯರ್ ಉಚಿತ ಎಂದಿದ್ದರೆ ಅದು ಉಚಿತವಲ್ಲ, ದರದಲ್ಲೇ ಸೇರಿದೆ. ಕುಡಿಯದವರು ಎಲ್ಲ ಸೇರಿದ ದುಬಾರಿ ಹಡಗು ಹಿಡಿದರೆ ಪಕ್ಕದ ಮೇಜಿನವರ ಗ್ಲಾಸಿಗೆ ತಾವು ದುಡ್ಡು ಸುರಿದಂತೆ. ಪಾನೀಯ ಸೇರದ, ಕಡಿಮೆ ದರದ ಹಡಗು ಅವರಿಗೆ ಸರಿ.

ಈಗ ಒಂದು ಲೆಕ್ಕ. ಸೆಪ್ಟೆಂಬರ್, ರೈನ್ ನದಿ, ಆಮ್‌ಸ್ಟರ್‌ಡಾಂನಿಂದ ಬಾಸೆಲ್‌ಗೆ ಏಳು ರಾತ್ರಿ, ಗಂಡ ಹೆಂಡತಿ ಇಬ್ಬರು. ಸುಲಭವಾಗಲೆಂದು ಯೂರೊಗೆ 100 ರೂಪಾಯಿ ಹಿಡಿಯೋಣ. ಇವು ಮಾದರಿ ಅಂಕಿಗಳು, ನಿಮ್ಮ ದಿನಾಂಕದ್ದನ್ನು ತುಂಬಿಕೊಳ್ಳಿ. ಫ್ರೆಂಚ್ ಬಾಲ್ಕನಿ ಕ್ಯಾಬಿನ್ ತಲಾ 2,500 ಯೂರೊ, ಅಂದರೆ 2,50,000. ಹಡಗಿನ ಸಿಬ್ಬಂದಿಗೆ ಟಿಪ್ಸ್ ದಿನಕ್ಕೆ 12 ಯೂರೊದಂತೆ 8,400. ಇದು ಹೆಸರಿಗೆ ಐಚ್ಛಿಕ, ಕೊನೆಯ ದಿನ ಬಿಲ್ಲಿನಲ್ಲಿ ಮುದ್ರಿತವಾಗಿಯೇ ಬರುವುದುಂಟು. ದರದಲ್ಲಿ ಸೇರದ ಎರಡು ವಿಶೇಷ ಸುತ್ತಾಟಗಳಿಗೆ 14,000. ಕಾಫಿ, ಜ್ಯೂಸ್ ಇತ್ಯಾದಿಗೆ 7,000. ಹಡಗು ಹತ್ತುವ ಹಿಂದಿನ ರಾತ್ರಿ ಹೋಟೆಲಿಗೆ ತಲಾ 9,000. ಆಮ್‌ಸ್ಟರ್‌ಡಾಂನಲ್ಲಿ ಕೋಣೆ ಬಾಡಿಗೆಯ ಮೇಲೆ ಶೇ 12.5 ಪ್ರವಾಸಿ ತೆರಿಗೆ ಇದೆ, ಅದನ್ನೂ ಸೇರಿಸಿ ನೋಡಿ. ಅಲ್ಲಿನ ರೈಲು, ಟ್ಯಾಕ್ಸಿ 4,000. ಬೆಂಗಳೂರಿನಿಂದ ಆಮ್‌ಸ್ಟರ್‌ಡಾಂಗೆ ಹೋಗಿ ಜ್ಯೂರಿಕ್‌ನಿಂದ ಬರುವ ವಿಮಾನ 65,000. ವೀಸಾ 11,000, ವಿಮೆ 3,000, ಮೈಸೂರು–ದೇವನಹಳ್ಳಿ ಟ್ಯಾಕ್ಸಿ ಹೋಗಿ ಬರಲು ತಲಾ 5,000. ಕೂಡಿಸಿದರೆ ತಲಾ 3,76,400, ಇಬ್ಬರಿಗೆ 7,52,800.

ಹಿಂದಿನ ರಾತ್ರಿಯ ಹೋಟೆಲು ದಂಡ ಎಂದು ಹೊಡೆದುಹಾಕುವವರಿದ್ದಾರೆ. ಮಾಡಬೇಡಿ. ಹಡಗು ಯಾರಿಗೂ ಕಾಯುವುದಿಲ್ಲ. ವಿಮಾನ ತಡವಾದರೆ ಮುಂದಿನ ಊರಿಗೆ ರೈಲಿನಲ್ಲಿ ಬೆನ್ನಟ್ಟಿ ಹೋಗಬೇಕು, ಖರ್ಚು ನಿಮ್ಮದೇ. ಟ್ಯಾಕ್ಸಿ ಬೇಡವೆಂದರೆ ಮೈಸೂರಿನಿಂದ ನೇರ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ.

ಹಣ ಯಾವ ದಾರಿಯಲ್ಲಿ ಕೊಡುತ್ತೀರಿ ಎನ್ನುವುದರ ಮೇಲೆ ಇನ್ನೊಂದು ಪದರ ಖರ್ಚಿದೆ. ವಿದೇಶಿ ಕಂಪನಿಗೆ ನೇರ ಕಾರ್ಡಿನಲ್ಲಿ ಕೊಟ್ಟರೆ ಹಲವು ಬ್ಯಾಂಕುಗಳು ವಿದೇಶಿ ಹಣದ ವಹಿವಾಟಿಗೆಂದು ಶೇ 3.5 ಹೆಚ್ಚುವರಿ ಶುಲ್ಕ (ಮಾರ್ಕಪ್), ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ. ಒಟ್ಟು ಶೇ 4.13. ಮೇಲಿನ ಐದು ಲಕ್ಷದ ಕ್ಯಾಬಿನ್ನಿಗೆ ಅದು 20,650 ರೂಪಾಯಿ. ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಶೇ 5 ಜಿಎಸ್‌ಟಿ, ಅಂದರೆ 25,000, ಜೊತೆಗೆ ಟಿಸಿಎಸ್ (ಮಾರುವವರೇ ನಿಮ್ಮಿಂದ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟುವ ತೆರಿಗೆ). ಈ ಟಿಸಿಎಸ್ 2025-26ರಲ್ಲಿ ಹತ್ತು ಲಕ್ಷದವರೆಗೆ ಶೇ 5, ಅದರ ಮೇಲಿನ ಮೊತ್ತಕ್ಕೆ ಶೇ 20 ಇತ್ತು. 2026ರ ಬಜೆಟ್‌ನಲ್ಲಿ ಮೊತ್ತದ ಮಿತಿಯಿಲ್ಲದೆ ಶೇ 2ಕ್ಕೆ ಇಳಿಸುವ ಪ್ರಸ್ತಾವ ಬಂತು. ಬಿಲ್ಲಿನ ದಿನ ಯಾವ ದರ ಜಾರಿಯಲ್ಲಿದೆಯೋ ಅದನ್ನೇ ಹಾಕಿದ್ದಾರೆಯೇ ನೋಡಿಕೊಳ್ಳಿ. ಟಿಸಿಎಸ್ ಖರ್ಚಲ್ಲ, ಮುಂಗಡ ತೆರಿಗೆ. ನಿಮ್ಮ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಬರುತ್ತದೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಪಿಂಚಣಿದಾರರು ರಿಟರ್ನ್ಸ್ ಯಾಕೆ ಎಂದು ಸುಮ್ಮನಿದ್ದರೆ ಆ ದುಡ್ಡು ಹೋದಂತೆಯೇ. ಎರಡು ದಾರಿಗಳ ನಡುವೆ ನಿಜವಾದ ವ್ಯತ್ಯಾಸ ನಾಲ್ಕೈದು ಸಾವಿರ. ಅಷ್ಟಕ್ಕೆ, ಏನಾದರೂ ಎಡವಟ್ಟಾದಾಗ ಕನ್ನಡದಲ್ಲಿ ಜಗಳವಾಡಲು ಒಬ್ಬರು ಇಲ್ಲೇ ಇರುವುದು ಮೇಲು ಎಂದು ನನ್ನ ಅಭಿಪ್ರಾಯ, ಏಜೆಂಟರು ತಮ್ಮ ಲಾಭವನ್ನು ಯೂರೊ ದರದಲ್ಲಿ ಅಡಗಿಸದಿದ್ದರೆ. ಅವರು ಹಾಕಿದ ಯೂರೊ ದರವನ್ನು ಅದೇ ದಿನದ ಬ್ಯಾಂಕ್ ದರಕ್ಕೆ ಹೋಲಿಸಿದರೆ ಗೊತ್ತಾಗಿಬಿಡುತ್ತದೆ.

ವೀಸಾ ವಿಷಯದಲ್ಲಿ ಶುಲ್ಕಕ್ಕಿಂತ ದಿನಾಂಕ ಮುಖ್ಯ. ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ) ವೀಸಾ ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೊ, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ವಿಮೆ ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚದ್ದಾಗಿರಬೇಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂದು ತಿಳಿಯಲು ರಾತ್ರಿಗಳನ್ನು ಎಣಿಸಿ: ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶ, ಸಮನಾದರೆ ಮೊದಲು ಕಾಲಿಡುವ ದೇಶ. ಆಮ್‌ಸ್ಟರ್‌ಡಾಂನಲ್ಲಿ ಹತ್ತಿದರೂ ರೈನ್ ಪ್ರಯಾಣದಲ್ಲಿ ರಾತ್ರಿಗಳು ಜರ್ಮನಿಯಲ್ಲೇ ಹೆಚ್ಚು ಬೀಳುವುದು ಸಾಮಾನ್ಯ. ಡ್ಯಾನ್ಯೂಬ್‌ನಲ್ಲಿ ಬೆಲ್‌ಗ್ರೇಡ್‌ಗೆ ಹೋಗುವ ಹಡಗು ಹಿಡಿದರೆ ಸರ್ಬಿಯಾ ಷೆಂಗೆನ್ ಹೊರಗಿದೆ, ಒಂದೇ ಪ್ರವೇಶದ ವೀಸಾದಲ್ಲಿ ಮರಳಿ ಒಳಬರಲು ಆಗುವುದಿಲ್ಲ.

ಅರ್ಜಿಯನ್ನು ಪ್ರಯಾಣದ ಆರು ತಿಂಗಳು ಮೊದಲೇ ಹಾಕಬಹುದು. ಹಡಗಿನವರು ಮುಂಗಡ ತೆಗೆದುಕೊಂಡು, ಬಾಕಿಯನ್ನು ಕಂಪನಿಗೆ ತಕ್ಕಂತೆ 60ರಿಂದ 120 ದಿನ ಮೊದಲು ಕೇಳುತ್ತಾರೆ. ಅಲ್ಲಿಂದ ಮುಂದೆ ರದ್ದತಿ ದಂಡ ವಾರವಾರಕ್ಕೂ ಏರಿ ಕೊನೆಗೆ ಪೂರ್ತಿ ಮೊತ್ತಕ್ಕೆ ಮುಟ್ಟುತ್ತದೆ. ವೀಸಾ ಸಿಗಲಿಲ್ಲ ಎನ್ನುವುದನ್ನು ಅವರು ಕಾರಣವೆಂದು ಒಪ್ಪುವುದಿಲ್ಲ, ಸಾಮಾನ್ಯ ಪ್ರವಾಸ ವಿಮೆಯಲ್ಲೂ ಅದು ಸೇರಿರುವುದು ಅಪರೂಪ. ಹಾಗಾಗಿ ನನ್ನ ಕ್ರಮ ಇದು: ಬಾಕಿ ಕಟ್ಟುವ ದಿನವನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದಕ್ಕಿಂತ ಆರೇಳು ವಾರ ಹಿಂದಕ್ಕೆ ವೀಸಾ ಅಪಾಯಿಂಟ್‌ಮೆಂಟ್. ಕೈಗೆ ಪಾಸ್‌ಪೋರ್ಟ್ ವಾಪಸ್ ಬಂದ ಮೇಲೆ ಬಾಕಿ.

ಇನ್ನು ನೀರು. ನಮ್ಮಲ್ಲಿ ಬೇಸಿಗೆಯಲ್ಲಿ ಕೆಆರ್‌ಎಸ್ ಮಟ್ಟ ಎಷ್ಟು ಅಡಿ ಎಂದು ಪತ್ರಿಕೆ ನೋಡುವ ಹಾಗೆ, ರೈನ್‌ನಲ್ಲಿ ಹಡಗಿನವರು ಕೌಬ್ ಎಂಬ ಊರಿನ ಮಾಪಕ ನೋಡುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರ್‌ಗೆ ಇಳಿದಿತ್ತು (ಅದು ಮಾಪಕದ ಅಂಕಿ, ನದಿಯ ಆಳ ಅದಕ್ಕಿಂತ ಹೆಚ್ಚು). 2022ರ ಆಗಸ್ಟ್‌ನಲ್ಲೂ ಕಷ್ಟವಾಯಿತು. ಡ್ಯಾನ್ಯೂಬ್‌ನಲ್ಲಿ ತೊಂದರೆ ಕೊಡುವುದು ಜರ್ಮನಿಯ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗೆ, ಅಣೆಕಟ್ಟೆಯಿಲ್ಲದೆ ಹರಿಯುವ ಸುಮಾರು 70 ಕಿಲೋಮೀಟರ್. ಪಸಾವ್ ಊರು ನದಿಯ ಹರಿವಿನಲ್ಲಿ ಅದರ ಕೆಳಗಿದೆ, ನ್ಯೂರೆಂಬರ್ಗ್‌ನಿಂದ ಹೊರಟರೆ ಆ ಭಾಗವನ್ನು ದಾಟಲೇಬೇಕು. ಆದ್ದರಿಂದ ಪಸಾವ್–ಬುಡಾಪೆಸ್ಟ್ ಮಾರ್ಗ, ನ್ಯೂರೆಂಬರ್ಗ್–ಬುಡಾಪೆಸ್ಟ್‌ಗಿಂತ ಭದ್ರ. ಪ್ರವಾಹ ಬಂದರೆ ಉಲ್ಟಾ ಕಷ್ಟ, ಸೇತುವೆಯ ಕೆಳಗೆ ಹಡಗು ತೂರುವುದಿಲ್ಲ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ವಿಯೆನ್ನಾದಲ್ಲಿ ಹಡಗುಗಳು ಸಿಕ್ಕಿಬಿದ್ದಿದ್ದವು. ಇಂಥಾಗ ಪ್ರಯಾಣಿಕರನ್ನು ಬಸ್ಸಿನಲ್ಲಿ ತಿರುಗಿಸುತ್ತಾರೆ, ಇಲ್ಲವೇ ಅಡ್ಡಿಯ ಆಚೆ ನಿಂತ ಬೇರೆ ಹಡಗಿಗೆ ಸಾಗಿಸುತ್ತಾರೆ. ಹಣ ವಾಪಸ್ ಇಲ್ಲವೆಂದು ಹೆಚ್ಚಿನ ಒಪ್ಪಂದಗಳಲ್ಲಿ ಬರೆದೇ ಇರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೋಗುವವರು ಬುಕ್ ಮಾಡುವ ಮೊದಲು ಏಜೆಂಟರಿಗೆ ಲಿಖಿತವಾಗಿ ಕೇಳಿ: “ಸಾರ್, ನೀರು ಕಮ್ಮಿಯಾಗಿ ಹಡಗು ಓಡದಿದ್ದರೆ ಎಷ್ಟು ದಿನಕ್ಕೆ ಎಷ್ಟು ವಾಪಸ್ ಕೊಡ್ತೀರಿ?” ಬಾಯಿಮಾತಿನ ‘ನೋಡೋಣ ಬಿಡಿ ಸಾರ್’ ಲೆಕ್ಕಕ್ಕಿಲ್ಲ.

ಊಟದ ಬಗ್ಗೆ ಎರಡು ಮಾತು. ಸಸ್ಯಾಹಾರಕ್ಕೆ ದರ ಕಡಿಮೆ ಮಾಡುವುದಿಲ್ಲ, ಆದರೆ ಬುಕಿಂಗ್ ಹೊತ್ತಿಗೇ ಬರೆಸಿದರೆ ಒಳ್ಳೆಯದನ್ನೇ ಮಾಡಿಕೊಡುತ್ತಾರೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು, ಮೊಟ್ಟೆ, ಮೀನು, ಮಾಂಸದ ಸಾರು ಬೇಡವೆಂದು ಬಿಡಿಸಿ ಬರೆಯಬೇಕು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು, ಎಲೆಕ್ಟ್ರಿಕ್ ಕೆಟಲ್ ಬೇಡ, ಬೆಂಕಿಯ ಭಯದಿಂದ ಕ್ಯಾಬಿನ್‌ನಲ್ಲಿ ಬಿಡುವುದಿಲ್ಲ. ಭಾರತೀಯ ಅಡುಗೆಯವರನ್ನೇ ಕರೆದೊಯ್ಯುವ ಗುಂಪು ಪ್ರವಾಸಗಳೂ ಉಂಟು, ಅವುಗಳ ದರದಲ್ಲಿ ಆ ಖರ್ಚು ಸೇರಿರುತ್ತದೆ.

ಏಳೆಂಟು ಲಕ್ಷ ಕೈಗೆಟುಕದು ಎನ್ನುವವರು ನೈಲ್ ನೋಡಲಿ. ಲಕ್ಸರ್‌ನಿಂದ ಅಸ್ವಾನ್‌ಗೆ ನಾಲ್ಕು ರಾತ್ರಿ, ತಿರುಗಿ ಬರುವ ದಿಕ್ಕಿನಲ್ಲಿ ಮೂರು. ದರ ಸಾಮಾನ್ಯವಾಗಿ ಡಾಲರಿನಲ್ಲಿ, ಯುರೋಪಿಗಿಂತ ಬಹಳ ಕಡಿಮೆ. ಆದರೆ ಪಾನೀಯ, ಗೈಡ್ ಮತ್ತು ಸಿಬ್ಬಂದಿಯ ಟಿಪ್ಸ್, ಕೈರೋದಿಂದ ಒಳನಾಡು ವಿಮಾನ, ಅಬು ಸಿಂಬೆಲ್ ಪ್ರವಾಸ ಹೊರಗಿರುತ್ತವೆ. ಅಬು ಸಿಂಬೆಲ್ ಅಸ್ವಾನ್‌ನಿಂದ ಒಂದು ಬದಿಗೆ ಸುಮಾರು 280 ಕಿಲೋಮೀಟರ್, ನಸುಕಿನಲ್ಲೇ ಹೊರಡಬೇಕು. ದೇಶದೊಳಗೆ ಬ್ರಹ್ಮಪುತ್ರ, ಗಂಗೆಯ ಹಡಗುಗಳಿವೆ, ವೀಸಾ, ಟಿಸಿಎಸ್ ರಗಳೆ ಇಲ್ಲ, ಆದರೆ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟು, ಹಾಗಾಗಿ ರಾತ್ರಿಯ ದರ ಅಗ್ಗವೇನಲ್ಲ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸದಲ್ಲಿ 18 ಸೂಟ್, 36 ಜನ. ಆಲಪ್ಪುಳದ ದೋಣಿಮನೆಯನ್ನು ಇದರ ಸಾಲಿಗೆ ಸೇರಿಸಬೇಡಿ. ಮೀನುಗಾರರ ಬಲೆಗಳಿಗಾಗಿ ಅದು ಸಂಜೆ ಐದೂವರೆಗೇ ದಡಕ್ಕೆ ಕಟ್ಟಿಬಿಡುತ್ತದೆ, ಕಡಿಮೆ ದರದ ದೋಣಿಗಳಲ್ಲಿ ಎಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ. ಹಗಲೂ ಬೇಕಾದರೆ ಹಣ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು.