ಮಗನ ಚೀಲದಲ್ಲಿ ಗಾಂಜಾ ಪೊಟ್ಟಣ ಸಿಕ್ಕರೆ

ಒಗೆಯಲೆಂದು ಚೀಲ ಬರಿದು ಮಾಡುವಾಗ ಕಂಪಾಸ್ ಡಬ್ಬಿಯಿಂದ ಸಣ್ಣ ಪೊಟ್ಟಣ ಬೀಳುತ್ತದೆ. ಆಮೇಲಿನ ಅರ್ಧ ತಾಸಿನಲ್ಲಿ ಆದ ಅನಾಹುತವನ್ನು ಸರಿಪಡಿಸಲು ಆರು ತಿಂಗಳು ಹಿಡಿದದ್ದನ್ನು ಹುಬ್ಬಳ್ಳಿಯಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳುತ್ತ ಹಲವು ಸಲ ಕಂಡಿದ್ದೇನೆ.

ಮೊದಲು, ಸಿಕ್ಕಿದ್ದು ಏನೆಂದು ನೋಡಿ. ಗಾಂಜಾವೋ, ನಶೆಗೆಂದು ಮೂಸುವ ಪಂಕ್ಚರ್ ಸೊಲ್ಯೂಷನ್ ಹತ್ತಿ ಗಟ್ಟಿಯಾದ ಕರವಸ್ತ್ರವೋ, ಮಾತ್ರೆಯ ಹಾಳೆಯೋ? ಮಾತ್ರೆಯಾದರೆ ಹೆಸರು ಬರೆದಿಟ್ಟುಕೊಳ್ಳಿ, ವೈದ್ಯರು ಕೇಳುತ್ತಾರೆ.

ಆ ರಾತ್ರಿ ಏನೂ ಮಾತನಾಡಬೇಡಿ. ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಧಾನವಾಗಿದೆ ಎಂದರೆ ಮಾತ್ರ ತಡಮಾಡದೆ 108ಕ್ಕೆ ಕರೆ ಮಾಡಿ.

ಎಲ್ಲರೂ ಎಡವುವುದು ಮೂರನೆಯ ಹೆಜ್ಜೆಯಲ್ಲಿ, ಮಾತು ತೆಗೆಯುವಾಗ. ಮನೆಯ ಪಡಸಾಲೆಯಲ್ಲಿ ಅಜ್ಜಿ, ಕಾಕಾ ಎಲ್ಲರನ್ನೂ ಕೂರಿಸಿಕೊಂಡು ಪಂಚಾಯಿತಿ ನಡೆಸಬೇಡಿ. ದೇವರ ಮುಂದೆ ಆಣೆ ಹಾಕಿಸಬೇಡಿ. ಆಣೆ ಮುರಿದ ಹುಡುಗ ಮತ್ತೆ ನಿಮ್ಮ ಬಳಿ ನಿಜ ಹೇಳುವುದಿಲ್ಲ. ಒಬ್ಬರೇ ಅವನನ್ನು ಉಣಕಲ್ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ. ಜೊತೆಗೆ ನಡೆಯುವಾಗ ಕಣ್ಣಿಗೆ ಕಣ್ಣು ಕೊಡಬೇಕಿಲ್ಲ, ಮಾತು ಹೊರಡುತ್ತದೆ. 'ಚೀಲದಲ್ಲಿ ಇದು ಸಿಕ್ಕಿತು. ನನಗೆ ಹೆದರಿಕೆಯಾಗಿದೆ. ಹೇಗೆ ಶುರುವಾಯಿತು ಹೇಳು' ಎಂದು ಕೇಳಿ, ಸುಮ್ಮನಾಗಿ. ಎರಡು ನಿಮಿಷದ ಮೌನವನ್ನೂ ತಾಳಿಕೊಳ್ಳಿ. 'ಯಾರು ಕೊಟ್ಟರು?' ಎಂಬುದು ಮೊದಲ ಪ್ರಶ್ನೆಯಾಗಲೇಬಾರದು. ಒಬ್ಬ ತಂದೆ ಅದನ್ನೇ ಮೊದಲು ಕೇಳಿ, ಅದೇ ರಾತ್ರಿ ಗೆಳೆಯನ ಮನೆ ಬಾಗಿಲು ಬಡಿದರು. ಮಗ ಮೂರು ತಿಂಗಳು ಅಪ್ಪನೊಡನೆ ಮಾತು ಬಿಟ್ಟ, ಸೇದುವುದನ್ನು ಬಿಡಲಿಲ್ಲ.

ಇನ್ನೊಂದು ಮಾತು. ಈಗಿನ ಮಕ್ಕಳಿಗೆ 'ಸ್ಟಫ್', 'ಜಾಯಿಂಟ್' ಎಂಬ ಗಾಂಜಾ ಸೇದುವವರ ಪದಗಳೆಲ್ಲ ಗೊತ್ತು. ಹೆಸರು ಗೊತ್ತಿರುವುದೇ ಬೇರೆ, ಸೇದಿರುವುದೇ ಬೇರೆ. ಒಮ್ಮೆ ನೋಡೋಣವೆಂದು ಸೇದಿದವನಿಗೂ ದಿನಾ ಬೇಕೆನ್ನುವವನಿಗೂ ಒಂದೇ ಮದ್ದಲ್ಲ.

ಔಷಧ ಅಂಗಡಿಯ ಮೂತ್ರ ಪರೀಕ್ಷೆಯ ಪಟ್ಟಿಯನ್ನು ತಂದು ಮಗನನ್ನು ಪರೀಕ್ಷೆಗೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ. ಸೊಲ್ಯೂಷನ್ ಮೂಸಿದ್ದು ಅದರಲ್ಲಿ ಗೊತ್ತಾಗುವುದೂ ಇಲ್ಲ. 'ಊಟದಲ್ಲಿ ಗುಟ್ಟಾಗಿ ಬೆರೆಸಿ, ಚಟ ಬಿಡಿಸಿ' ಎಂದು ಮಾರುವ ಪುಡಿಯನ್ನಂತೂ ಮನೆಯೊಳಗೆ ತರಲೇಬೇಡಿ. ಅದರಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ನಾಲ್ಕನೆಯದು ಆಸ್ಪತ್ರೆ: ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಅದಕ್ಕೂ ಮುನ್ನ ಕೇಳಿಕೊಳ್ಳಬೇಕೆಂದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇವೆ. ಪೊಲೀಸ್ ಕೇಸಿಗೆ ಹೆದರಿ ಚಿಕಿತ್ಸೆ ಮುಂದೂಡಬೇಡಿ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಗೂ, ತಾನಾಗಿ ಚಿಕಿತ್ಸೆ ಪಡೆದರೆ 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ವೈದ್ಯರು ಅವನೊಬ್ಬನ ಜೊತೆ ಮಾತನಾಡಬೇಕೆಂದರೆ ಎದ್ದು ಹೊರಗೆ ಬನ್ನಿ.

ದಿನವೂ ಸೇದುತ್ತಿದ್ದವನು ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮತ್ತೆ ಶುರು ಮಾಡಿದನೆಂದು ಅವನ ಜೇಬು ತಡಕಬೇಡಿ. ನಡುರಾತ್ರಿ ಅಡುಗೆಮನೆಯಲ್ಲಿ ಓಡಾಡುವ ಸದ್ದಾದರೆ ಎದ್ದು ಹೋಗಿ, ಒಂದು ಲೋಟ ಹಾಲು ಕಾಸಿ ಕೊಟ್ಟು, ಅವನ ಪಕ್ಕ ಕುಳಿತುಕೊಳ್ಳಿ.