ಅಜ್ಜನ ಅಂಚೆಚೀಟಿ ಆಲ್ಬಂ: ಬಿಡಿಸುವ, ಕಾಪಾಡುವ, ಬೆಲೆ ತಿಳಿಯುವ ಬಗೆ

ಅಟ್ಟದ ಟ್ರಂಕಿನಲ್ಲಿ ಹಳೆಯ ಪತ್ರಗಳ ಕಟ್ಟೂ ಒಂದು ಆಲ್ಬಮ್ಮೂ ಸಿಕ್ಕಿದರೆ ಮೊದಲು ಕತ್ತರಿಯನ್ನು ದೂರ ಇಡಿ. ಅಂಚೆಚೀಟಿಗೆ ಬೆಲೆ ಬರುವುದು ಎಷ್ಟು ಹಳೆಯದು ಎಂಬುದಕ್ಕಿಂತ ಹೆಚ್ಚಾಗಿ ಎಷ್ಟು ಕೆಡದೆ ಉಳಿದಿದೆ ಎಂಬುದರಿಂದ. ಐವತ್ತು ವರ್ಷ ಚೆನ್ನಾಗಿದ್ದ ಚೀಟಿಯನ್ನು ಅವಸರದ ಕೈ ಒಂದೇ ಮಧ್ಯಾಹ್ನದಲ್ಲಿ ಹಾಳುಮಾಡಬಲ್ಲದು.

1950ಕ್ಕಿಂತ ಹಿಂದಿನ ಲಕೋಟೆ, ಕಾರ್ಡುಗಳನ್ನು ಇಡಿಯಾಗಿಯೇ ಇಟ್ಟುಕೊಳ್ಳಿ. ಬೆಂಗಳೂರು ಕಂಟೋನ್ಮೆಂಟಿನ ಠಸ್ಸೆ, ಎರಡನೇ ಮಹಾಯುದ್ಧದ ಕಾಲದ ಸೆನ್ಸಾರ್ ಮುದ್ರೆ, ಪತ್ರ ಹಾದುಬಂದ ಊರುಗಳ ಗುರುತು ಇವೆಲ್ಲ ಲಕೋಟೆಯ ಮೇಲೆಯೇ ಇರುತ್ತವೆ. ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಸಾಧಾರಣ ಚೀಟಿಯೊಂದೇ. ಎಷ್ಟೋ ಸಲ ಚೀಟಿಗಿಂತ ಲಕೋಟೆಗೇ ಹೆಚ್ಚು ಬೆಲೆ.

ಈಚಿನ ಸಾಮಾನ್ಯ ಲಕೋಟೆಗಳಿಂದ ಬಿಡಿಸುವುದಾದರೆ ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ. ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಚಿತ್ರ ಮೇಲಾಗಿ ತೇಲಿಬಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೋಂದು ಕರಗಿ ಚೀಟಿ ತಾನಾಗಿಯೇ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಹೊತ್ತು ಬಿಡಬೇಕು, ಎಳೆಯಬಾರದು. ಎಳೆದ ಕಡೆ ಕಾಗದ ತೆಳುವಾಗುತ್ತದೆ. ಬೆಳಕಿಗೆ ಹಿಡಿದರೆ ಕಾಣುವ ಆ ತೆಳುಕಲೆ ಒಂದಿದ್ದರೆ ಬೆಲೆಯ ಬಹುಭಾಗ ಹೋದಂತೆ. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಯಲ್ಲೇ ನೆನೆಸಿ. ಒಂದು ಕೆಂಪು ಲಕೋಟೆ ಸಾಕು, ತಟ್ಟೆಯಲ್ಲಿರುವ ಎಲ್ಲ ಚೀಟಿಗಳೂ ಗುಲಾಬಿಯಾಗುತ್ತವೆ. ನೇರಳೆ ಮಸಿಯ ಠಸ್ಸೆ ಇದ್ದರೂ ಅಷ್ಟೇ ಎಚ್ಚರ ಬೇಕು. ಬಳಸದ, ಗೋಂದು ಉಳಿದಿರುವ ಚೀಟಿಗೆ ನೀರು ತಾಗಲೇಬಾರದು.

ಬಿಡಿಸಿದ ಮೇಲೆ ಹಿಂಬದಿಯನ್ನು ಶುದ್ಧ ನೀರಿನಲ್ಲಿ ತೊಳೆದು, ಬ್ಲಾಟಿಂಗ್ ಪೇಪರಿನ ಮೇಲೆ ಚಿತ್ರ ಕೆಳಗಾಗಿ ಒಣಗಲು ಬಿಡಿ. ಇನ್ನೂ ತುಸು ತೇವವಾಗಿರುವಾಗಲೇ ಎರಡು ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದರೆ ಸುರುಳಿಯಾಗುವುದಿಲ್ಲ. ನೀರಿನಿಂದ ತೆಗೆದ ತಕ್ಷಣ ಚಿಮಟದಿಂದ ಹಿಡಿದರೆ ಚೀಟಿಯ ಅಂಚಿನ ಹಲ್ಲು ಹರಿಯುತ್ತದೆ. ಒಣಗಿದ ಮೇಲಾದರೋ ಚಪ್ಪಟೆ ಮೂತಿಯ ಚಿಮಟವಿಲ್ಲದೆ ಮುಟ್ಟಬೇಡಿ, ಬೆರಳಿನ ಜಿಡ್ಡು ಕೆಲ ವರ್ಷಗಳಲ್ಲಿ ಹಳದಿ ಕಲೆಯಾಗಿ ಮೇಲೇಳುತ್ತದೆ.

ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವವೇ ದೊಡ್ಡ ಶತ್ರು. ಗೋಂದು ಮೆತ್ತಗಾಗಿ ಚೀಟಿ ಪುಟಕ್ಕೆ ಅಂಟುತ್ತದೆ, ಬೂಸ್ಟಿನಿಂದ ಕಂದು ಚುಕ್ಕೆಗಳು ಬೀಳುತ್ತವೆ. ಹೊರಗೋಡೆಗೆ ತಾಗಿದ ಬೀರು ಬೇಡ. ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ತಿಂಗಳಿಗೊಮ್ಮೆ ಬಿಸಿಲಿಲ್ಲದ, ಒಣಗಾಳಿಯ ದಿನ ನೋಡಿ ಪುಟ ತಿರುವಿಹಾಕಿ. ಅಗ್ಗದ ಪಿವಿಸಿ ಜೇಬುಗಳ ಫೋಟೋ ಆಲ್ಬಂ ಬೇಡವೇ ಬೇಡ. ಅದರಿಂದ ಒಸರುವ ರಾಸಾಯನಿಕ ಮಸಿಯನ್ನು ಕರಗಿಸುತ್ತದೆ. ಚೀಟಿಗಳನ್ನು ಅಂಟಿಸದೆ ಪಟ್ಟಿಗಳಲ್ಲಿ ಸಿಕ್ಕಿಸಿಡುವ, ಕಪ್ಪು ಹಾಳೆಯ ಸ್ಟಾಕ್‌ಬುಕ್ ಒಳ್ಳೆಯದು. ಬಳಸಿದ ಚೀಟಿಗೆ ಹಿಂಜ್ (ಪುಟಕ್ಕೆ ಅಂಟಿಸುವ ಗೋಂದಿನ ಪುಟ್ಟ ಕಾಗದದ ತುಂಡು) ಹಚ್ಚಬಹುದು, ಬಳಸದ್ದಕ್ಕೆ ಹಚ್ಚಿದರೆ ಗೋಂದಿನ ಮೇಲೆ ಗುರುತು ಉಳಿದು ಬೆಲೆ ಇಳಿಯುತ್ತದೆ.

ಇನ್ನು ಗುರುತಿಸುವ ಕೆಲಸ. ಈ ಹವ್ಯಾಸದ ನಿಜವಾದ ರುಚಿ ಇಲ್ಲಿಯೇ ಇದೆ. ನೋಡಲು ಒಂದೇ ಥರದ ಎರಡು ಚೀಟಿಗಳು ಬೇರೆ ಬೇರೆಯಾಗಿರಬಹುದು. 1957ರಲ್ಲಿ ನಯಾಪೈಸೆ ಬಂದಾಗ ಹೊರಬಂದ ಭಾರತದ ನಕ್ಷೆಯ ಚೀಟಿಗಳಲ್ಲಿ ನಕ್ಷತ್ರದ ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಮೂಡಿಸಿದ ಮಸುಕು ಗುರುತು, ಇದೆ. 1958ರಿಂದ ಅದೇ ಚಿತ್ರ ಅಶೋಕ ಸ್ತಂಭದ ವಾಟರ್‌ಮಾರ್ಕ್ ಇರುವ ಕಾಗದದ ಮೇಲೆ ಬಂತು. ಕಪ್ಪು ತಟ್ಟೆಯಲ್ಲಿ ಚೀಟಿಯನ್ನು ಬೋರಲಾಗಿಟ್ಟು ನೋಡಿ; ಕಾಣದಿದ್ದರೆ ಸಂಗ್ರಾಹಕರು ಬಳಸುವ ವಾಟರ್‌ಮಾರ್ಕ್ ದ್ರವ ಎರಡು ಹನಿ ಹಾಕಿ. ಕೆಲವು ಮಸಿಗಳು ಅದರಲ್ಲಿ ಕರಗುವುದರಿಂದ ಮೊದಲು ಅದೇ ಬಗೆಯ ಅಗ್ಗದ ಚೀಟಿಯ ಮೇಲೆ ಪರೀಕ್ಷಿಸಿ. ಹತ್ತಿರದಲ್ಲಿ ಬೆಂಕಿ ಇರಕೂಡದು, ಕಿಟಕಿ ತೆರೆದಿರಬೇಕು. ಹಲ್ಲಿನ ಲೆಕ್ಕಕ್ಕೆ ಗೇಜ್ ಸಿಗುತ್ತದೆ: ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತುಗಳಿವೆ ಎಂಬುದೇ ಅಳತೆ.

ಬೆಲೆಯ ಮಾತಿಗೆ ಬಂದರೆ ಎಲ್ಲರ ಬಾಯಲ್ಲೂ 1948ರ ಆಗಸ್ಟ್ 15ರ ಗಾಂಧಿ ಸರಣಿ. ಅದರ 10 ರೂಪಾಯಿ ಚೀಟಿ ಬೆಲೆಯುಳ್ಳದ್ದೇ, ಆದರೆ ದಾಖಲೆ ಮಾಡಿದ್ದು ಬೇರೆ: ಗವರ್ನರ್ ಜನರಲ್ ಬಳಕೆಗೆಂದು ‘ಸರ್ವಿಸ್’ ಎಂದು ಮೇಲಚ್ಚು ಹಾಕಿದ 100 ಪ್ರತಿಗಳು. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಆದ್ದರಿಂದಲೇ ನಕಲಿಗಳು ಹೇರಳ. ಅಸಲಿ ಸರಣಿಯನ್ನು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಎಂಬ ಮುದ್ರಣ ಸಂಸ್ಥೆ ಫೋಟೋಗ್ರಾವ್ಯೂರ್ (ಕೊರೆದ ಲೋಹದ ಸಿಲಿಂಡರಿನಿಂದ ಅಚ್ಚುಹಾಕುವ) ವಿಧಾನದಲ್ಲಿ ಮುದ್ರಿಸಿತು, ಹಲ್ಲಿನ ಅಳತೆ 11½. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿಯಲ್ಲಿ ಹಲವು ಬಣ್ಣದ ಚುಕ್ಕಿಗಳು ಒತ್ತೊತ್ತಾಗಿ ಕಂಡರೆ ಅದು ಈಚಿನ ಮುದ್ರಣ. ಅಸಲಿ ಚೀಟಿಯ ಮೇಲೆಯೇ ಸುಳ್ಳು ಮೇಲಚ್ಚು ಹಾಕಿದವೂ ಇವೆ. ಅವನ್ನು ಪತ್ತೆಹಚ್ಚುವುದು ನಮ್ಮ ನಿಮ್ಮ ಕೈಲಾಗದ ಕೆಲಸ, ಪರಿಣತರ ಪ್ರಮಾಣಪತ್ರವಿಲ್ಲದೆ ಹಣ ಕೊಡಬೇಡಿ. ಬಳಸದ್ದೆಂದು ತೋರಿಸಲು ಹೊಸದಾಗಿ ಗೋಂದು ಬಳಿದ ಚೀಟಿಯಲ್ಲಿ ಹಲ್ಲಿನ ತುದಿಗಳು ಗಡುಸಾಗಿರುತ್ತವೆ, ಗೋಂದು ತೂತಿನ ಅಂಚಿಗೂ ಇಳಿದಿರುತ್ತದೆ.

ಬ್ರಿಟನ್ನಿನ ಅಂಚೆಚೀಟಿ ವ್ಯಾಪಾರ ಸಂಸ್ಥೆ ಸ್ಟ್ಯಾನ್ಲಿ ಗಿಬ್ಬನ್ಸ್ ಹೊರತರುವ ಕ್ಯಾಟಲಾಗಿನ ಬೆಲೆ ಒಳ್ಳೆಯ ಸ್ಥಿತಿಯ ಚೀಟಿಯನ್ನು ಅಂಗಡಿಯವರು ಮಾರುವ ಬೆಲೆ. ನೀವು ಮಾರಲು ಹೋದಾಗ ಸಿಗುವುದು ಅದರ ಒಂದು ಪಾಲು ಮಾತ್ರ. ಅಲ್ಲಿ ಕಾಣುವ ಕನಿಷ್ಠ ಬೆಲೆ ಹುಡುಕಿ ಕೊಡುವ ಕೆಲಸದ ಕೂಲಿಯೇ ಹೊರತು ಚೀಟಿಯದ್ದಲ್ಲ. 2006ರ ಶ್ರೀಗಂಧದ ಪರಿಮಳದ 15 ರೂಪಾಯಿ ಚೀಟಿಯನ್ನು ಬಹಳ ಜನ ಅಪರೂಪವೆಂದು ನಂಬಿದ್ದಾರೆ. ಚೆಂದದ್ದು, ಇಟ್ಟುಕೊಳ್ಳಿ, ಆದರೆ ಬೇಕಾದಷ್ಟು ಸಿಗುತ್ತದೆ. ಪರಿಮಳ ನೋಡಲು ಉಜ್ಜಬೇಡಿ, ಮೇಲ್ಮೈ ಸವೆಯುತ್ತದೆ.

ಹೊಸ ಚೀಟಿಗಳಿಗೆ ವಿಧಾನಸೌಧದ ಬಳಿಯ ಜನರಲ್ ಪೋಸ್ಟ್ ಆಫೀಸಿನ ಫಿಲಾಟೆಲಿಕ್ ಬ್ಯೂರೋದಲ್ಲಿ (ಸಂಗ್ರಾಹಕರಿಗೆ ಚೀಟಿ ಮಾರುವ ವಿಭಾಗ) 200 ರೂಪಾಯಿಯಿಂದ ಠೇವಣಿ ಖಾತೆ ತೆರೆದರೆ ಮುಖಬೆಲೆಗೇ ಮನೆಗೆ ಬರುತ್ತವೆ. ಹಳೆಯವನ್ನು ನೋಡಿ ಕಲಿಯಲು ಕರ್ನಾಟಕದ ಅಂಚೆಚೀಟಿ ಪ್ರದರ್ಶನವಾದ ಕರ್ನಾಪೆಕ್ಸ್‌ಗಿಂತ ಒಳ್ಳೆಯ ಜಾಗವಿಲ್ಲ. ಮಾರುವುದಾದರೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡು, ಕನಿಷ್ಠ ಇಬ್ಬರು ವ್ಯಾಪಾರಿಗಳಿಗೆ ತೋರಿಸಿ. ಮೊದಲನೆಯವರು ಆರಿಸಿ ನಾಲ್ಕು ಚೀಟಿ ಮಾತ್ರ ಕೇಳಿದರೆ ಕೊಡದೆ ವಾಪಸು ಬನ್ನಿ, ಆ ನಾಲ್ಕು ಯಾವುವೆಂದು ಬರೆದಿಟ್ಟುಕೊಳ್ಳಿ.